ನಿಯಾನ್ ಟೆಟ್ರಾಗಳೂ ನಮ್ಮನೆ ಸಂಪಿನ ನೀರೂ

2024ರ ಏಪ್ರಿಲ್. ಒಂದು ಭಾನುವಾರ ಬೆಳಗ್ಗೆ ಮೀನಿನ ಟ್ಯಾಂಕಿನ ಅರ್ಧ ನೀರು ಬದಲಾಯಿಸಿ ತಿಂಡಿಗೆ ಕೂತೆ. ದೋಸೆ ಮುಗಿಸಿ ಬರುವಷ್ಟರಲ್ಲಿ ನಾಲ್ಕು ನಿಯಾನ್ ಟೆಟ್ರಾಗಳು ಮೂಲೆ ಸೇರಿದ್ದವು. ಮೈಮೇಲಿನ ನೀಲಿ ಗೆರೆ ಮಂಕಾಗಿತ್ತು. ಬಾಲದ ಕಡೆಯ ಕೆಂಪು ಬಿಳಿಚಿಕೊಂಡಿತ್ತು. ಇದ್ದದ್ದು ಹನ್ನೆರಡು. ಸಂಜೆಗೆ ಐದು ಹೋದವು, ಮಾರನೇ ದಿನ ಇನ್ನೆರಡು.

ಆ ಬೇಸಿಗೆ ನೆನಪಿರಬೇಕಲ್ವಾ? ಬೆಂಗಳೂರಲ್ಲಿ ಯಾರ ಬಾಯಲ್ಲಿ ಕೇಳಿದರೂ ನೀರಿನದೇ ಮಾತು. ಜೆ.ಪಿ. ನಗರದ ನಮ್ಮ ಬಾಡಿಗೆ ಮನೆಗೆ ಕಾವೇರಿ ನೀರು ಬರುವುದು ಕಡಿಮೆಯಾಗಿ, ಶನಿವಾರ ಸಂಪಿಗೆ ಟ್ಯಾಂಕರ್ ನೀರು ತುಂಬಿಸಿದ್ದರು. ಅದು ನನಗೆ ಗೊತ್ತಾಗಿದ್ದು ಮೀನು ಸತ್ತ ಮೇಲೆ. ನಲ್ಲಿ ನೀರಿಗೆ ಟಿಡಿಎಸ್ ಮೀಟರ್ (ನೀರಿನಲ್ಲಿ ಕರಗಿದ ಲವಣ ಎಷ್ಟಿದೆ ಅಂತ ತೋರಿಸುವುದು) ಅದ್ದಿದರೆ 860. ಅಲ್ಲಿಯವರೆಗೆ ನನ್ನ ಟ್ಯಾಂಕ್ ಇದ್ದದ್ದು 210ರ ಆಸುಪಾಸು. ನಿಯಾನ್ ಟೆಟ್ರಾ ಅಮೆಜಾನ್ ಕಡೆಯ ಹಳ್ಳಗಳ ಮೀನು. ಅಲ್ಲಿಯ ನೀರಿನಲ್ಲಿ ಲವಣ ಅನ್ನುವುದು ಬಹಳ ಕಡಿಮೆ. ಗಡಸು ನೀರಿಗೂ ನಿಧಾನವಾಗಿ ಒಗ್ಗಿಕೊಳ್ಳಬಹುದಿತ್ತೇನೋ, ನಾನು ಹತ್ತು ನಿಮಿಷದಲ್ಲಿ ಸುರಿದುಬಿಟ್ಟಿದ್ದೆ. ಮೀಟರ್ ಇತ್ತು, ಡ್ರಾಯರ್‌ನಲ್ಲಿ. ಸುರಿಯುವ ಮೊದಲು ತೆಗೆದು ನೋಡುವ ಬುದ್ಧಿ ಇರಲಿಲ್ಲ.

ಇದು ನನ್ನ ಮೊದಲ ತಪ್ಪೂ ಅಲ್ಲ. ಅದಕ್ಕೆ ಎರಡು ವರ್ಷ ಮುಂಚೆ, ಮನೆ ಹತ್ತಿರದ ಒಂದು ಅಂಗಡಿಯಲ್ಲಿ ಟ್ಯಾಂಕು, ಬಣ್ಣದ ಕಲ್ಲು, ಪ್ಲಾಸ್ಟಿಕ್ ಗಿಡ, ಮೀನು ಎಲ್ಲ ಒಂದೇ ದಿನ ತಂದಿದ್ದೆ. ಅವರೂ ಕೊಟ್ಟರು, ನಾನೂ ತಂದೆ. ಹತ್ತೇ ದಿನದಲ್ಲಿ ಟ್ಯಾಂಕ್ ಖಾಲಿ. ಆಮೇಲೆ ಶಿವಾಜಿನಗರದ ರಸೆಲ್ ಮಾರ್ಕೆಟ್ ಹತ್ತಿರದ ಮೀನಿನ ಅಂಗಡಿಗಳಲ್ಲಿ ಸುತ್ತುತ್ತಿದ್ದಾಗ ಒಬ್ಬರು ಮೀನು ಕೊಡಲ್ಲ ಅಂದರು. "ಟ್ಯಾಂಕ್ ಇಟ್ಟು ಎಷ್ಟು ದಿನ ಆಯ್ತು ಸರ್? ಇವತ್ತು ಗಿಡ ತಗೊಂಡೋಗಿ. ಮೀನಿಗೆ ಒಂದೂವರೆ ತಿಂಗಳು ಬಿಟ್ಟು ಬನ್ನಿ." ವ್ಯಾಪಾರ ಬೇಡ ಅನ್ನುವವರ ಮಾತು ಕೇಳಬೇಕು ಅನ್ನಿಸಿತು.

ಎರಡಡಿ ಉದ್ದ, ಒಂದಡಿ ಅಗಲ, ಒಂದೂಕಾಲು ಅಡಿ ಎತ್ತರದ ಟ್ಯಾಂಕ್. ಬರೀ ನೀರೇ ಸುಮಾರು 70 ಲೀಟರ್ ಹಿಡಿಯುತ್ತೆ, ಹಾಗಾಗಿ ಶೋಕೇಸ್ ಮೇಲೆ ಇಡುವ ಆಸೆ ಬಿಟ್ಟು ಕಬ್ಬಿಣದ ಸ್ಟ್ಯಾಂಡ್ ಮಾಡಿಸಿದೆ. ತಳಕ್ಕೆ ಗೊಬ್ಬರ ಹಾಕದ ತೋಟದ ಮಣ್ಣು, ಜರಡಿ ಹಿಡಿದು ಒಂದಿಂಚು. ಅದರ ಮೇಲೆ ತೊಳೆದ ದಪ್ಪ ಮರಳು ಒಂದೂವರೆ ಇಂಚು. ಗೊಬ್ಬರ ಇದ್ದರೆ ನೀರಿಗೆ ಅಮೋನಿಯಾ ಬಿಟ್ಟುಕೊಳ್ಳುತ್ತಲೇ ಇರುತ್ತೆ. ಗಿಡಗಳು ವ್ಯಾಲಿಸ್ನೇರಿಯಾ, ಕ್ರಿಪ್ಟೊಕೊರೈನ್, ಜಾವಾ ಮಾಸ್. ಮೂರಕ್ಕೂ ಸಿಲಿಂಡರಿನ ಕಾರ್ಬನ್ ಡೈಆಕ್ಸೈಡ್ ಬೇಕಿಲ್ಲ. ಜೊತೆಗೆ ಬಾಲ್ಕನಿಯ ಮನಿ ಪ್ಲಾಂಟ್ ಬಳ್ಳಿ ಎರಡು ಕತ್ತರಿಸಿ, ಬೇರು ಮಾತ್ರ ನೀರಲ್ಲಿ ಇರುವ ಹಾಗೆ ಅಂಚಿಗೆ ಸಿಕ್ಕಿಸಿದೆ.

ಮೀನಿಲ್ಲದ ಟ್ಯಾಂಕಿಗೆ ದಿನಾ ಒಂದು ಚಿಟಿಕೆ ಮೀನಿನ ಆಹಾರ ಹಾಕುವುದನ್ನು ನೋಡಿ ಅಮ್ಮ, "ಯಾರಿಗೋ ಎಡೆ ಇಡ್ತಿದ್ದೀಯಾ?" ಅಂದರು. ಆಹಾರ ಕೊಳೆತು ಅಮೋನಿಯಾ ಆಗುತ್ತೆ. ಅದನ್ನು ನೈಟ್ರೈಟ್ ಮಾಡುವ ಬ್ಯಾಕ್ಟೀರಿಯಾ ಒಂದು ಬಗೆ, ನೈಟ್ರೈಟನ್ನು ನೈಟ್ರೇಟ್ ಮಾಡುವುದು ಇನ್ನೊಂದು. ಮೊದಲೆರಡೂ ಮೀನಿಗೆ ವಿಷ. ಮೂರನೆಯದು ಗಿಡಕ್ಕೆ ಊಟ. ಮೀನು ಬರುವ ಮೊದಲೇ ಈ ಬ್ಯಾಕ್ಟೀರಿಯಾ ಬೆಳೆದಿರಲಿ ಅಂತ ಆ ಚಿಟಿಕೆ ಆಹಾರ. ಎರಡು ದಿನಕ್ಕೊಮ್ಮೆ ಗಾಜಿನ ನಳಿಕೆಗೆ 5 ಮಿಲಿ ನೀರು ಹಾಕಿ, ಟೆಸ್ಟ್ ಕಿಟ್ಟಿನ ಹನಿ ಬಿಟ್ಟು, ಬಣ್ಣದ ಪಟ್ಟಿಯ ಪಕ್ಕ ಹಿಡಿದು ನೋಡುತ್ತಿದ್ದೆ. ಮೊದಲ ವಾರದ ಕೊನೆಗೆ ಅಮೋನಿಯಾ ನಳಿಕೆ ಹಸಿರಾಯಿತು. ಮೂರನೇ ವಾರ ಅದು ಹಳದಿಗೆ ತಿರುಗುತ್ತಿದ್ದಾಗ ನೈಟ್ರೈಟ್ ನಳಿಕೆ ನೇರಳೆ ಹಣ್ಣಿನ ಬಣ್ಣ. ಆರನೇ ವಾರ ಅದೂ ತಿಳಿ ನೀಲಿಗೆ ಇಳಿಯಿತು, ಅಂದರೆ ಎರಡೂ ವಿಷ ಖಾಲಿ. ಆವತ್ತೇ ಸಂಜೆ ಬಸ್ ಹತ್ತಿ ಶಿವಾಜಿನಗರಕ್ಕೆ ಹೋದೆ. ಮೊದಲು ಆರು ಚೆರ್ರಿ ಬಾರ್ಬ್ ತಂದೆ, ತಿಂಗಳು ಬಿಟ್ಟು ನಿಯಾನ್.

ಆ ನಡುವೆ ಕ್ರಿಪ್ಟೊಕೊರೈನ್ ಎಲೆಗಳೆಲ್ಲ ಕರಗಿ ಅಂಬಲಿಯಾಗಿದ್ದವು. ಸತ್ತೇ ಹೋಯಿತು ಅಂತ ಎರಡು ಗಿಡ ಕಿತ್ತೆಸೆದೆ. ಉಳಿದ ಮೂರು ಸೋಮಾರಿತನದಿಂದ ಬದುಕಿಕೊಂಡವು, ಸ್ವಲ್ಪ ದಿನದಲ್ಲಿ ಬುಡದಿಂದ ಕಂದು ಚಿಗುರು ಬಂತು. ನೀರು ಬದಲಾದರೆ ಅದು ಹಾಗೆ ಎಲೆ ಉದುರಿಸುತ್ತೆ, ಬೇರು ಜೀವಂತ ಇರುತ್ತೆ. ಲೈಟ್ ವಿಷಯ ಜಾಸ್ತಿ ಹೇಳುವುದಿಲ್ಲ: ದಿನಕ್ಕೆ ಏಳು ಗಂಟೆ, ಟೈಮರ್ ಹಾಕಿ. ಹತ್ತು ಗಂಟೆ ಉರಿಸಿದಾಗ ಗಾಜಿನ ತುಂಬ ಪಾಚಿ.

ಮತ್ತೆ ಸಂಪಿಗೆ ಬರುತ್ತೇನೆ. ಉಳಿದ ಐದು ನಿಯಾನ್‌ಗಳಿಗಾಗಿ ನೀರು ಹಾಕುವ ರೀತಿಯನ್ನೇ ಬದಲಾಯಿಸಿದೆ. ಈಗ ವಾರಕ್ಕೆ 15 ಲೀಟರಿನ ಒಂದೇ ಬಕೆಟ್. ಹಿಂದಿನ ದಿನವೇ ಹಿಡಿದಿಡುತ್ತೇನೆ. ಕಾವೇರಿ ನೀರಾದರೆ ಕ್ಲೋರಿನ್ ಹೋಗಲೆಂದು ಹೈಪೋದ (ಸೋಡಿಯಂ ಥಯೋಸಲ್ಫೇಟ್) ಒಂದೆರಡು ಹರಳು. ಆಮೇಲೆ ಮೀಟರ್. 250ರ ಒಳಗಿದ್ದರೆ ಹಾಗೇ ಹಾಕುತ್ತೇನೆ. ಟ್ಯಾಂಕರ್ ನೀರು ಬಂದಿದ್ದರೆ ಒಂದು ಪಾಲಿಗೆ ನಾಲ್ಕು ಪಾಲು ಆರ್‌ಓ ನೀರು. ನಮ್ಮನೆ ಆರ್‌ಓ ನೀರಿನ ಟಿಡಿಎಸ್ 50, ಹಾಗಾಗಿ 860ರ ನೀರೂ ಬೆರೆತು 210ಕ್ಕೆ ಬರುತ್ತೆ. ಆದರೆ ಆರ್‌ಓ ಯಂತ್ರದಿಂದ ಹೊರಗೆ ಹೋಗುವ ವೇಸ್ಟ್ ನೀರನ್ನು ಮೀನಿಗೆ ಹಾಕಬೇಡಿ. ಲವಣವೆಲ್ಲ ಇರುವುದೇ ಅದರಲ್ಲಿ. ಬಕೆಟನ್ನು ಸ್ಟೂಲ್ ಮೇಲಿಟ್ಟು ಏರ್ ಪಂಪಿನ ಸಣ್ಣ ಪೈಪಿನಿಂದ ಎಳೆ ಎಳೆಯಾಗಿ ಬಿಡುತ್ತೇನೆ. ಮುಗಿಯುವುದರೊಳಗೆ ಪೇಪರ್ ಓದಿ ಮುಗಿಯುತ್ತೆ. ಟ್ಯಾಂಕಿನಿಂದ ತೆಗೆದ ನೀರು ಅಮ್ಮನ ಕರಿಬೇವಿನ ಗಿಡಕ್ಕೆ.

ಬೇಸಿಗೆಯಲ್ಲಿ ಮುಚ್ಚಳ ತೆಗೆದು ಪುಟ್ಟ ಫ್ಯಾನ್ ಇಡುತ್ತೇನೆ, ನೀರು ಆವಿಯಾಗಿ ಎರಡು ಡಿಗ್ರಿ ತಣ್ಣಗಾಗುತ್ತೆ. ಆವಿಯಾಗುವುದು ಬರೀ ನೀರು, ಲವಣ ಅಲ್ಲೇ ಉಳಿಯುತ್ತೆ. ಆ ಕೊರತೆ ತುಂಬಲು ಆರ್‌ಓ ನೀರೇ ಸರಿ. ಡಿಸೆಂಬರ್‌ನಲ್ಲಿ ಇದಕ್ಕೆ ತಿರುಗುಮುರುಗು. ಬೆಳಗ್ಗೆ ನೀರು 20 ಡಿಗ್ರಿಗೆ ಇಳಿದದ್ದು ನೋಡಿ 50 ವ್ಯಾಟ್ ಹೀಟರ್ ತಂದೆ. "ನಮ್ಮ ಗೀಸರ್ ರಿಪೇರಿಗೆ ಯಾವಾಗ ದುಡ್ಡು ಕೊಡ್ತೀಯ?" ಅಂತ ಅಮ್ಮ ಇವತ್ತಿಗೂ ಕೇಳುತ್ತಾರೆ.

ನಿಯಾನ್ ಈಗ ಮತ್ತೆ ಹನ್ನೊಂದಾಗಿವೆ. ಕಳೆದ ವಾರ ಮಾಸ್ ಕತ್ತರಿಸುವಾಗ ಅದರೊಳಗಿಂದ ಸೊಳ್ಳೆಯಷ್ಟು ಸಣ್ಣದೊಂದು ಛಕ್ ಅಂತ ಜಿಗಿಯಿತು. ಟಾರ್ಚ್ ಹಾಕಿ ನೋಡಿದರೆ ಚೆರ್ರಿ ಬಾರ್ಬ್ ಮರಿಗಳು, ಕಣ್ಣಿಗೆ ಬಿದ್ದದ್ದು ಮೂರು. ಕತ್ತರಿಯನ್ನು ಅಲ್ಲೇ ಬಿಟ್ಟು, ಫಿಲ್ಟರ್ ಅವನ್ನು ಎಳೆದುಕೊಳ್ಳದಿರಲಿ ಅಂತ ಅದರ ಬಾಯಿಗೆ ಸ್ಪಂಜ್ ತುಂಡು ಕಟ್ಟಿದೆ.