ಇಂಗ್ಲೆಂಡಿಗೆ ಹೊರಟ ದಾವಣಗೆರೆಯವರಿಗೆ: ಅಲ್ಲಿನ ನಾಯಕರು, ನಮ್ಮ ಧರ್ಮ

ದಾವಣಗೆರೆಯಲ್ಲಿ ಮೆಡಿಕಲ್ ಓದಿ ಇಂಗ್ಲೆಂಡಿಗೆ ಹೊರಡುವ ಹುಡುಗರು ಊರಿಗೆ ಬಂದಾಗಲೆಲ್ಲ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಬಾಡಿಗೆ, ಚಳಿ ಎಲ್ಲಾ ಕೇಳಿ ಮುಗಿದ ಮೇಲೆ ಮೆಲ್ಲಗೆ ಇನ್ನೊಂದು ಕೇಳುತ್ತಾರೆ: "ಅಣ್ಣಾ, ಅದು ಕ್ರೈಸ್ತರ ದೇಶ ಅಲ್ವಾ? ಲಿಂಗಪೂಜೆ, ಹಬ್ಬ ಎಲ್ಲಾ ನಡೆಯುತ್ತಾ?"

ನಡೆಯುತ್ತದೆ. ಆದರೆ ಅಲ್ಲಿನ ಪದ್ಧತಿ ಬೇರೆ. ನಮ್ಮಲ್ಲಿ ಸರ್ಕಾರಕ್ಕೆ ಅಂತ ಒಂದು ಧರ್ಮ ಇಲ್ಲ. ಅಲ್ಲಿ ರಾಜರೇ ಚರ್ಚ್ ಆಫ್ ಇಂಗ್ಲೆಂಡಿನ ಮುಖ್ಯಸ್ಥರು. ಪಾರ್ಲಿಮೆಂಟಿನ ಮೇಲ್ಮನೆ ಹೌಸ್ ಆಫ್ ಲಾರ್ಡ್ಸ್‌ನಲ್ಲಿ 26 ಬಿಷಪ್‌ಗಳಿಗೆ ಸೀಟು ಇದೆ. ಹಾಗಿದ್ದೂ ರಿಷಿ ಸುನಕ್ ಎಂಪಿಯಾಗಿ ಪ್ರಮಾಣ ಮಾಡಿದ್ದು ಭಗವದ್ಗೀತೆಯ ಮೇಲೆ. ಸಾದಿಕ್ ಖಾನ್ ಮುಸ್ಲಿಮರು. 2016ರಲ್ಲಿ ಲಂಡನ್ ಮೇಯರ್ ಆದಾಗ ಅವರು ಪ್ರಮಾಣ ಮಾಡಿದ್ದು ಸದರ್ಕ್ ಕ್ಯಾಥೆಡ್ರಲ್ ಅನ್ನುವ ದೊಡ್ಡ ಚರ್ಚ್‌ನಲ್ಲಿ. ಇದು ನನಗೆ ಈಗಲೂ ಬಹಳ ಇಷ್ಟವಾಗುವ ವಿಷಯ.

ನಾಯಕರು ದೀಪಾವಳಿಗೆ ದೀಪ ಹಚ್ಚುವ ಫೋಟೋ ನೋಡಿರುತ್ತೀರಿ. ಖುಷಿಯೇ. ಆದರೆ ದಿನನಿತ್ಯ ನಿಮ್ಮ ಕೈಹಿಡಿಯುವುದು 2010ರ ಈಕ್ವಾಲಿಟಿ ಆಕ್ಟ್. ಧರ್ಮದ ಕಾರಣಕ್ಕೆ ಕೆಲಸದಲ್ಲಿ, ಶಾಲೆಯಲ್ಲಿ, ಅಂಗಡಿಯಲ್ಲಿ ಭೇದ ಮಾಡುವಂತಿಲ್ಲ. ದೀಪಾವಳಿಗೆ ಸರ್ಕಾರಿ ರಜೆ ಇಲ್ಲ. ಆದರೆ ನೀವು ರಜೆ ಕೇಳಿದರೆ ಸರಿಯಾದ ಕಾರಣ ಇಲ್ಲದೆ ಸುಮ್ನೆ ತಳ್ಳಿಹಾಕುವುದು ಭೇದಭಾವ ಆಗಬಹುದು. ಡ್ಯೂಟಿ ಪಟ್ಟಿ ಬರುವ ಮೊದಲೇ ಬರೆದು ಕೇಳಿ.

ಇನ್ನೊಂದು, ಹೊಸಬರಿಗೆ ಗೊತ್ತೇ ಇರುವುದಿಲ್ಲ: ನಿಮಗೆ ಅಲ್ಲಿ ಓಟು ಇದೆ! ಭಾರತ ಕಾಮನ್‌ವೆಲ್ತ್ ದೇಶ. ವೀಸಾ ಮೇಲೆ ವಾಸವಿದ್ದರೂ ಹೆಸರು ನೋಂದಾಯಿಸಿ ನಮ್ಮ ಪಾಲಿಕೆಯಂಥ ಸ್ಥಳೀಯ ಕೌನ್ಸಿಲ್‌ಗೂ ಪಾರ್ಲಿಮೆಂಟಿಗೂ ಓಟು ಹಾಕಬಹುದು. ಮತಗಟ್ಟೆಯಲ್ಲಿ ನಮ್ಮ ಪಾಸ್‌ಪೋರ್ಟ್ ತೋರಿಸಿದರೆ ಸಾಕು. ನಮ್ಮಲ್ಲಿ ಬೆಳಿಗ್ಗೆ ಎಮ್ಮೆಲ್ಲೆ ಮನೆ ಮುಂದೆ ಅರ್ಜಿ ಹಿಡಿದು ನಿಲ್ಲುತ್ತಾರಲ್ಲ, ಅಲ್ಲಿ ಎಂಪಿಗಳು ಅದಕ್ಕೇ ಸಮಯ ಇಟ್ಟಿರುತ್ತಾರೆ. ಅದಕ್ಕೆ 'ಸರ್ಜರಿ' ಅನ್ನುತ್ತಾರೆ. ಅಪಾಯಿಂಟ್‌ಮೆಂಟ್ ತಗೊಂಡು ಹೋಗಿ. ಶಿಫಾರಸು ಬೇಕಿಲ್ಲ.

ಮಕ್ಕಳಿದ್ದವರು ಇದನ್ನು ಗಮನಿಸಿ ಓದಿ. ಸರ್ಕಾರಿ ಶಾಲೆಗಳಲ್ಲಿ ಧರ್ಮಗಳ ಬಗ್ಗೆ ಪಾಠ ಇರುತ್ತದೆ. ಬೇಡ ಎಂದರೆ ಮಗುವನ್ನು ಹೊರಗಿಡುವ ಹಕ್ಕು ನಿಮಗಿದೆ. ಆದರೆ ನಾನು ಹೇಳುವುದು, ಹೊರಗಿಡಬೇಡಿ, ಒಳಗೆ ಹೋಗಿ. ಆ ಪಾಠದ ಬಗ್ಗೆ ಸಲಹೆ ಕೊಡಲು ಶಾಲೆ ನೋಡಿಕೊಳ್ಳುವ ಪ್ರತಿ ಕೌನ್ಸಿಲ್‌ನಲ್ಲೂ ಒಂದು ಸಮಿತಿ ಇರಲೇಬೇಕು. ಅದರ ಹೆಸರು 'ಸ್ಯಾಕ್ರೆ'. ಕ್ರೈಸ್ತರು, ಬೇರೆ ಧರ್ಮದವರು, ಶಿಕ್ಷಕರು, ಕೌನ್ಸಿಲರ್‌ಗಳು ಅಲ್ಲಿ ಒಟ್ಟಿಗೆ ಕೂರುತ್ತಾರೆ. ನೀವೂ ಹೋಗಿ ಸಭೆ ನೋಡಬಹುದು. ನಮ್ಮ ದುಗ್ಗಮ್ಮನ ಜಾತ್ರೆ, ಶರಣರ ದಾಸೋಹ ಇವೆಲ್ಲ ಮಾತಾಡಿದರೆ ತಾನೇ ಅವರಿಗೆ ಗೊತ್ತಾಗುವುದು?

ಕೌನ್ಸಿಲ್ ಅಂದರೆ ಚಿಕ್ಕದು ಅಂದುಕೊಳ್ಳಬೇಡಿ. ಲಂಡನ್ನಿನ ಥೇಮ್ಸ್ ದಡದಲ್ಲಿ ಬಸವಣ್ಣನವರ ಪ್ರತಿಮೆ ಇದೆ. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಅನಾವರಣ ಮಾಡಿದರು. ಅದನ್ನು ಮುಂದೆ ನಿಂತು ಮಾಡಿಸಿದವರು ಕಲಬುರಗಿಯಿಂದ ಹೋದ ನೀರಜ್ ಪಾಟೀಲ್. ಅವರು ಅಲ್ಲಿನ ಲ್ಯಾಂಬೆತ್ ಕೌನ್ಸಿಲ್‌ನ ಮೇಯರ್ ಆಗಿದ್ದವರು. ಲ್ಯಾಂಬೆತ್ ಸೇತುವೆಯಿಂದ ಇಳಿದರೆ ಪಕ್ಕದಲ್ಲೇ ಕಾಣುತ್ತದೆ, ಮೊದಲ ರಜೆಯಲ್ಲೇ ಹೋಗಿ ಬನ್ನಿ.