ಮೇನ್ ಆಫ್ ಮಾಡಿ ಊರಿಗೆ ಹೋದಿರಾ? ಅಲಾರಂ ಕೂಡ ಮಲಗೀತು

ಮೈಸೂರಿನ ಮನೆಗಳಲ್ಲಿ ಒಂದು ಹಳೇ ಶಿಸ್ತಿದೆ. ಊರಿಗೆ ಹೊರಡುವಾಗ ಗ್ಯಾಸ್ ಬಂದ್, ನಲ್ಲಿ ಬಂದ್, ಕೊನೆಗೆ ಮೇನ್ ಸ್ವಿಚ್ ಆಫ್, ಬಾಗಿಲಿಗೆ ಬೀಗ, ಬೀಗವನ್ನು ಎರಡು ಸಲ ಜಗ್ಗಿ ನೋಡುವುದು. ಕಳ್ಳರ ಅಲಾರಂ ಹಾಕಿಸಿದ ಮೇಲೂ ನಾವು ಇದನ್ನು ಬಿಟ್ಟಿರಲಿಲ್ಲ. ಕಳೆದ ಬೇಸಿಗೆಯಲ್ಲಿ ಕುವೆಂಪುನಗರದ ಮನೆಯ ಮೇನ್ ಇಳಿಸಿ ನಾಲ್ಕು ದಿನ ಮದ್ದೂರಿಗೆ ಹೋಗಿದ್ದೆವು. ಎರಡನೇ ರಾತ್ರಿ ಪಕ್ಕದ ಮನೆಯವರ ಫೋನು: ‘ನಿಮ್ಮನೆ ಸೈರನ್ ಬಡ್ಕೋತಾ ಇದೆ ಸಾರ್, ಏನಾದ್ರೂ ಮಾಡಿ.’ ಕಳ್ಳ ಬಂದಿರಲಿಲ್ಲ. ಪ್ಯಾನೆಲ್ಲಿನ, ಅಂದರೆ ಸೆನ್ಸರ್, ಸೈರನ್ ಎಲ್ಲದರ ವೈರ್ ಬಂದು ಸೇರುವ ಅಲಾರಂ ಡಬ್ಬದ, ಬ್ಯಾಟರಿ ಖಾಲಿಯಾಗಿತ್ತು, ಅಷ್ಟೆ. ಒಳಗೇ ಸ್ವಂತ ಬ್ಯಾಟರಿ ಇರುವ ಸೈರನ್‌ಗಳು ಪ್ಯಾನೆಲ್‌ನಿಂದ ಕರೆಂಟ್ ನಿಂತರೆ ಯಾರೋ ವೈರ್ ಕತ್ತರಿಸಿದರೆಂದೇ ತಿಳಿದು ಕೂಗಿಕೊಳ್ಳುತ್ತವೆ.

ಲೆಕ್ಕ ಸರಳ. ಮನೆಗಳ ಪ್ಯಾನೆಲ್‌ಗಳಲ್ಲಿ ಸಾಮಾನ್ಯವಾಗಿ ಇರುವುದು 12 ವೋಲ್ಟ್, 7 ಆಂಪಿಯರ್ ಅವರ್ ಬ್ಯಾಟರಿ. ಪ್ಯಾನೆಲ್, ಸೆನ್ಸರ್‌ಗಳು ಸೇರಿ 0.2 ಆಂಪಿಯರ್ ಎಳೆದರೆ ಕಾಗದದ ಮೇಲೆ 35 ಗಂಟೆ. ಎರಡು ಮೂರು ವರ್ಷ ದುಡಿದ ಬ್ಯಾಟರಿ ಒಂದು ದಿನ ತಡೆದರೆ ಪುಣ್ಯ.

ಆದ್ದರಿಂದ ಪ್ಯಾನೆಲ್ ಕೀಂ ಕೀಂ ಎನ್ನತೊಡಗಿದಾಗ ಮೆಕ್ಯಾನಿಕ್‌ಗೆ ಫೋನ್ ಮಾಡುವ ಮೊದಲು ನೀವೇ ಕೆಲವನ್ನು ನೋಡಬಹುದು. ಕೋಡ್ ಒತ್ತಿ ಅಲಾರಂ ಆಫ್ ಮಾಡಿ. ಅಕ್ಕಪಕ್ಕದವರಿಗೂ ಒಂದು ಮಾತು ಹೇಳಿಡಿ. ಪ್ಯಾನೆಲ್ ಮುಚ್ಚಳ ತೆಗೆದರೂ ಸೈರನ್ ಕೂಗಬಹುದು.

ಮೊದಲು ಪ್ಲಗ್ಗು

ಕರೆಂಟ್ ಸೂಚಿಸುವ ದೀಪ ಆರಿದೆಯೇ? ಬೀದಿಗೇ ಕರೆಂಟ್ ಇಲ್ಲದಿದ್ದರೆ 1912ಕ್ಕೆ ಫೋನ್ ಮಾಡಿ ಸುಮ್ಮನಿರಿ. ಮನೆಯಲ್ಲಿ ಮಾತ್ರ ಇಲ್ಲದಿದ್ದರೆ ಎಂಸಿಬಿ (ಕರೆಂಟ್ ಮಿತಿಮೀರಿದರೆ ತಾನೇ ಬೀಳುವ ಸ್ವಿಚ್) ಬಿದ್ದಿದೆಯೇ ನೋಡಿ. ಅದೂ ಸರಿಯಿದ್ದರೆ ಅಡಾಪ್ಟರ್ ಚುಚ್ಚಿದ ಸ್ವಿಚ್ ನೋಡಿ. ನಗಬೇಡಿ, ಮೊಬೈಲ್ ಚಾರ್ಜ್‌ಗೆಂದು ಯಾರೋ ಕಿತ್ತು ಮರೆತಿರುವುದೇ ಹೆಚ್ಚು. ಆ ಪಾಯಿಂಟಿಗೆ ಮೊಬೈಲ್ ಚಾರ್ಜರ್ ಹಾಕಿ ನೋಡಿದರೆ ಪಾಯಿಂಟ್ ಸತ್ತಿದೆಯೋ ಅಡಾಪ್ಟರ್ ಸತ್ತಿದೆಯೋ ತಿಳಿಯುತ್ತದೆ. ಮಲ್ಟಿಮೀಟರ್ ಇದ್ದರೆ ಅಡಾಪ್ಟರಿನ ಹೊರಬದಿಯ ವೋಲ್ಟೇಜ್ ಅಳೆಯಿರಿ. ಎಸಿಯೋ ಡಿಸಿಯೋ ಎಂಬುದನ್ನು ಅದರ ಚೀಟಿ ನೋಡಿ ಮೀಟರ್ ತಿರುಗಿಸಿಕೊಳ್ಳಿ. ಟ್ರಾನ್ಸ್‌ಫಾರ್ಮರ್ ಪ್ಯಾನೆಲ್ ಡಬ್ಬದೊಳಗೇ ಇದ್ದರೆ ಅಲ್ಲಿ 230 ವೋಲ್ಟ್ ಇರುತ್ತದೆ, ಆ ಬದಿ ಮುಟ್ಟಬೇಡಿ. ಅದು ಎಲೆಕ್ಟ್ರಿಷಿಯನ್ ಕೆಲಸ.

ಆಮೇಲೆ ಬ್ಯಾಟರಿ

ನಿಜವಾದ ಆರೋಪಿ ಬಹುಪಾಲು ಇವನೇ. ಹಾಕಿಸಿ ಮೂರರಿಂದ ಐದು ವರ್ಷವಾಗಿದ್ದರೆ ಆಯುಷ್ಯ ಮುಗಿದಂತೆ. ಬಿಸಿ ಇವುಗಳಿಗೆ ಆಗದು: 25 ಡಿಗ್ರಿಯ ಮೇಲೆ ಸುಮಾರು ಹತ್ತು ಡಿಗ್ರಿ ಏರಿದರೆ ಬಾಳಿಕೆ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಮಂಡ್ಯದ ಏಪ್ರಿಲ್ ಬಿಸಿಲಲ್ಲಿ ಶೀಟಿನ ಕೆಳಗೆ, ಅಟ್ಟದ ಮೂಲೆಯಲ್ಲಿ ಪ್ಯಾನೆಲ್ ಕೂರಿಸಿದವರು ಐದು ವರ್ಷದ ಆಸೆ ಇಟ್ಟುಕೊಳ್ಳಬಾರದು. ಪಕ್ಕ ಉಬ್ಬಿದ್ದರೆ, ಟರ್ಮಿನಲ್ ಮೇಲೆ ಬಿಳಿ–ಹಸಿರು ಪುಡಿ ಕಟ್ಟಿದ್ದರೆ ಅಳೆಯುವ ಶ್ರಮವೂ ಬೇಡ, ಬದಲಿಸಿ.

ಚೆನ್ನಾಗಿಯೇ ಕಂಡರೆ ಮೀಟರ್ ಹಿಡಿಯಿರಿ. ಕರೆಂಟ್ ಇದ್ದು ಗಂಟೆಗಟ್ಟಲೆ ಚಾರ್ಜ್ ಆದ ಮೇಲೆ, ಪ್ಯಾನೆಲ್‌ಗೆ ಸೇರಿಕೊಂಡೇ ಇರುವ ಬ್ಯಾಟರಿಯ ಎರಡು ತುದಿಯ ನಡುವೆ 13.5ರಿಂದ 13.8 ವೋಲ್ಟ್ ಕಾಣಬೇಕು. ಅಷ್ಟು ಬಾರದೆ 12ರ ಆಸುಪಾಸಲ್ಲೇ ನಿಂತಿದ್ದರೆ ಬ್ಯಾಟರಿ ಸೋತಿರಬೇಕು, ಇಲ್ಲವೇ ಪ್ಯಾನೆಲ್ ಚಾರ್ಜ್ ಮಾಡುತ್ತಿಲ್ಲ. ಯಾವುದೆಂದು ತಿಳಿಯಲು ಅಡಾಪ್ಟರ್ ಕಿತ್ತು, ಸೈರನ್ ಒಂದು ನಿಮಿಷ ಕೂಗಿಸಿ, ಮೀಟರ್ ನೋಡುತ್ತಿರಿ. ಗಟ್ಟಿ ಬ್ಯಾಟರಿ 12ರ ಹತ್ತಿರ ನಿಲ್ಲುತ್ತದೆ. ಸರ್ರನೆ 11ಕ್ಕಿಂತ ಕೆಳಗಿಳಿದರೆ ಅದರ ಕಥೆ ಮುಗಿಯಿತು. ಏನನ್ನೂ ನಡೆಸದೆ ಸುಮ್ಮನಿದ್ದಾಗ 12.6 ತೋರಿಸಿ, ಸೈರನ್ನಿನಂಥ ಭಾರ ಬಿದ್ದೊಡನೆ ಕುಸಿಯುವವೂ ಇವೆ. ಬರೀ ಮೀಟರ್ ನಂಬಿ ಮೋಸಹೋಗುವುದು ಇಲ್ಲೇ.

ಹೊಸದು ಹಾಕುವಾಗ ಕರೆಂಟ್ ತೆಗೆದೇ ಹಾಕಿ. ಕೆಂಪು ವೈರ್ ಪ್ಲಸ್‌ಗೆ, ಕಪ್ಪು ಮೈನಸ್‌ಗೆ. ಹಳೆಯದನ್ನು ಕಸದ ಗಾಡಿಗೆ ಹಾಕಬೇಡಿ, ಒಳಗೆ ಸೀಸವಿದೆ. ಬ್ಯಾಟರಿ ಅಂಗಡಿಯವರು ತೂಕಕ್ಕೆ ಒಂದಿಷ್ಟು ಕಾಸು ಕೊಟ್ಟೇ ತೆಗೆದುಕೊಳ್ಳುತ್ತಾರೆ.

ಹೊಸ ಬ್ಯಾಟರಿಯೂ ಸೋತರೆ

ವೈರ್ ಸಾಲಿನಲ್ಲಿ ಎಲ್ಲೋ ಶಾರ್ಟ್ ಇರಬಹುದು. ಕರೆಂಟ್, ಬ್ಯಾಟರಿ ಎರಡನ್ನೂ ಬಿಡಿಸಿ ಫ್ಯೂಸ್ ನೋಡಿ. ಹೋಗಿದ್ದರೆ ಅಷ್ಟೇ ಆಂಪಿಯರಿನದೇ ಹಾಕಬೇಕು. ಎಳೆ ವೈರ್ ಸುತ್ತುವ ನಮ್ಮ ಚಾಳಿ ಇಲ್ಲಿ ಬೇಡ. ಮತ್ತೆ ಹಾರಿದರೆ ಸೆನ್ಸರ್‌ಗಳಿಗೆ, ಸೈರನ್‌ಗೆ ಹೋಗುವ ಪ್ಲಸ್ ವೈರ್‌ಗಳನ್ನೆಲ್ಲ ಬಿಡಿಸಿ, ಒಂದೊಂದಾಗಿ ಸೇರಿಸುತ್ತ ಬನ್ನಿ. ಯಾವುದು ಸೇರಿದಾಗ ಕೆಡುತ್ತದೋ ಅದೇ ಸಾಲು. ನಾನು ಮೊದಲು ಬಿಚ್ಚುವುದು ಹೊರಗೋಡೆಯ ಸೈರನ್ ಡಬ್ಬ: ಮಳೆನೀರು, ಇರುವೆ ಗೂಡು, ಹಲ್ಲಿ, ಮೂರೂ ಒಟ್ಟಿಗೆ ಸಿಕ್ಕಿದ್ದುಂಟು. ಇಷ್ಟಾದರೂ ಚಾರ್ಜ್ ವೋಲ್ಟೇಜ್ ಬಾರದಿದ್ದರೆ ದೋಷ ಬೋರ್ಡಿನದು. ಅಲ್ಲಿಗೆ ನಮ್ಮ ಕೈ ನಿಲ್ಲಲಿ.

ವೈರ್ ಇಲ್ಲದ ಸೆನ್ಸರ್‌ಗಳಲ್ಲಿ ಪುಟ್ಟ ಸೆಲ್‌ಗಳಿರುತ್ತವೆ. ಒಂದು ಸತ್ತಾಗ ಎಲ್ಲಕ್ಕೂ ಹೊಸದು ಹಾಕಿ. ಎಸ್‌ಎಂಎಸ್ ಕಳಿಸುವ ಪ್ಯಾನೆಲ್ ಆದರೆ ಅದರ ಸಿಮ್‌ಗೆ ರೀಚಾರ್ಜ್ ಇದೆಯೇ ನೋಡಿ. ನಮ್ಮ ಪ್ಯಾನೆಲ್ ‘ಕರೆಂಟ್ ಹೋಗಿದೆ’ ಎಂಬ ಸಂದೇಶವನ್ನು ಮದ್ದೂರಿಗೆ ಕಳಿಸದಿದ್ದುದು ಅದಕ್ಕೇ.

ಮೇನ್ ಇಳಿಸುವ ಶಿಸ್ತು? ಅಲಾರಂಗೆ ಬೇರೆಯೇ ಎಂಸಿಬಿ ಕೊಡಿಸಿ, ಮಿಕ್ಕವನ್ನೆಲ್ಲ ಇಳಿಸಿ ಹೋಗಿ. ನಮ್ಮಲ್ಲಿ ಅದರ ಮೇಲೆ ‘ಮುಟ್ಟಬೇಡಿ’ ಎಂದು ಚೀಟಿ ಅಂಟಿಸಿದ್ದೇವೆ. ಅಮ್ಮ ಹೊರಡುವಾಗ ಈಗಲೂ ಅದನ್ನು ಅನುಮಾನದಿಂದಲೇ ನೋಡುತ್ತಾರೆ.