ಕೋಪವನ್ನು ದೇವರ ಮುಂದೆ ತರುವ ಬಗೆ

ಕೋಪ ಬಂದೊಡನೆ ತಮ್ಮ ವಿಶ್ವಾಸವೇ ಸುಳ್ಳಾಯಿತೆಂದು ಕುಗ್ಗಿಹೋಗುವ ಕ್ರೈಸ್ತರು ಅನೇಕರಿದ್ದಾರೆ. ಸತ್ಯವೇದ (ಬೈಬಲ್) ಹಾಗೆ ಹೇಳುವುದಿಲ್ಲ. ಕೋಪಗೊಂಡರೂ ಪಾಪಮಾಡಬೇಡಿರೆಂದು ಪೌಲನು ಎಫೆಸದವರಿಗೆ ಬರೆದನು (4:26). ಕೈ ಬತ್ತಿದ ಮನುಷ್ಯನನ್ನು ಯೆಹೂದ್ಯರ ವಿಶ್ರಾಂತಿಯ ದಿನವಾದ ಸಬ್ಬತ್ತಿನಲ್ಲಿ ಗುಣಪಡಿಸುವ ಮುನ್ನ ಯೇಸು ಸುತ್ತಲಿದ್ದವರನ್ನು ಕೋಪದಿಂದ ನೋಡಿದನೆಂದೂ ಅವರ ಮನಸ್ಸಿನ ಕಾಠಿಣ್ಯಕ್ಕೆ ದುಃಖಪಟ್ಟನೆಂದೂ ಮಾರ್ಕನು ಹೇಳುತ್ತಾನೆ (3:5). ಆದ್ದರಿಂದ ಕೋಪವೇ ಬಾರದಂತೆ ತಡೆಯುವ ಪ್ರಯತ್ನಕ್ಕಿಂತ, ಬಂದ ಕೋಪವನ್ನು ಮನುಷ್ಯರ ಮೇಲೆ ಸುರಿಯುವ ಮುನ್ನ ದೇವರ ಬಳಿಗೆ ಒಯ್ಯುವುದನ್ನು ರೂಢಿಸಿಕೊಳ್ಳುವುದೇ ಮುಖ್ಯ.

ಮೊದಲು ಮಾತನ್ನು ತಡೆಯಿರಿ. ಕಿವಿಗೊಡುವುದರಲ್ಲಿ ಬೇಗ, ಮಾತಿನಲ್ಲಿಯೂ ಕೋಪದಲ್ಲಿಯೂ ನಿಧಾನ ಎಂಬುದು ಯಾಕೋಬನ ಪತ್ರಿಕೆಯ ಸಲಹೆ (1:19). ಆ ಗಳಿಗೆಯಲ್ಲಿ ದೀರ್ಘ ಪ್ರಾರ್ಥನೆ ಯಾರಿಗೂ ಸಾಧ್ಯವಿಲ್ಲ. ತನ್ನ ಬಾಯಿಗೆ ಕಾವಲಿಡಬೇಕೆಂದು ಕೀರ್ತನೆಗಾರನು ಬೇಡಿದ ಒಂದೇ ಸಾಲು (ಕೀರ್ತನೆ 141:3) ಸಾಕು. ಅದನ್ನು ಶಾಂತವಾಗಿರುವಾಗಲೇ ಬಾಯಿಪಾಠ ಮಾಡಿಕೊಂಡಿರಬೇಕು, ಏಕೆಂದರೆ ಸಿಟ್ಟಿನಲ್ಲಿ ಹೊಸ ಮಾತು ಹೊಳೆಯುವುದಿಲ್ಲ. ಸಂದೇಶಕ್ಕೆ ಉತ್ತರ ಬರೆಯುತ್ತಿದ್ದರೆ ಅದನ್ನು ಕಳುಹಿಸದೆ ಫೋನನ್ನು ಕೆಳಗಿಡಿ.

ಬಳಿಕ ಏಕಾಂತದಲ್ಲಿ ನಡೆದದ್ದನ್ನೆಲ್ಲ ದೇವರಿಗೆ ಹೇಳಿ. ಇಲ್ಲಿ ಭಕ್ತಿಯ ಭಾಷೆಗಾಗಿ ತಡಕಾಡುವ ಅಗತ್ಯವಿಲ್ಲ. ಹದಿಮೂರನೆಯ ಕೀರ್ತನೆಯ ಮೊದಲ ಎರಡು ವಚನಗಳಲ್ಲಿಯೇ 'ಇನ್ನೆಷ್ಟರವರೆಗೆ' ಎಂಬ ದೂರು ನಾಲ್ಕು ಬಾರಿ ಕೇಳಿಬರುತ್ತದೆ. ದೂರು ಮುಗಿದ ಮೇಲೆ ಯೋನನ ಗ್ರಂಥದ ನಾಲ್ಕನೆಯ ಅಧ್ಯಾಯವನ್ನು ಓದಿ. ಕೋಪಿಷ್ಠರಿಗೆ ಇದಕ್ಕಿಂತ ಉಪಯುಕ್ತವಾದ ಅಧ್ಯಾಯ ಇನ್ನೊಂದಿಲ್ಲವೆಂದು ನನ್ನ ಅಭಿಪ್ರಾಯ. ನಿನೆವೆ ಪಟ್ಟಣವನ್ನು ಎಚ್ಚರಿಸಲು ದೇವರು ಕಳುಹಿಸಿದ ಪ್ರವಾದಿ ಯೋನನು, ಅಲ್ಲಿನ ಜನರನ್ನು ದೇವರು ಕ್ಷಮಿಸಿದ್ದಕ್ಕೆ ಕೆರಳುತ್ತಾನೆ, ತನಗೆ ನೆರಳಾಗಿದ್ದ ಗಿಡ ಒಣಗಿದಾಗ ಮತ್ತೆ ಕೆರಳುತ್ತಾನೆ, ಮತ್ತು ಎರಡು ಸಾರಿಯೂ ದೇವರು ಗದರಿಸದೆ, ನೀನು ಹೀಗೆ ಸಿಟ್ಟುಗೊಳ್ಳುವುದು ಸರಿಯೋ ಎಂದಷ್ಟೇ ಕೇಳುತ್ತಾನೆ. ಆ ಪ್ರಶ್ನೆಯನ್ನು ನಿಮ್ಮನ್ನೇ ಕೇಳಿದಂತೆ ಎಣಿಸಿ, ಉತ್ತರವನ್ನು ಕಾಗದದ ಮೇಲೆ ಬರೆಯಿರಿ. ಬೇರೊಬ್ಬರಿಗೆ ಆದ ಅನ್ಯಾಯಕ್ಕೆ ಕೋಪ ಬಂದಿದೆಯೋ, ನನ್ನ ಮಾತು ನಡೆಯಲಿಲ್ಲವೆಂದೋ, ನನ್ನ ನೆರಳು ಹೋಯಿತೆಂದೋ? ಬಹಳ ಸಲ ಇವು ಕಲಸಿಕೊಂಡಿರುತ್ತವೆ. ಬರೆದಾಗ ಬೇರೆಬೇರೆಯಾಗಿ ಕಾಣುತ್ತವೆ.

ತಪ್ಪು ನಿಮ್ಮದೆಂದು ಕಂಡರೆ ಕ್ಷಮೆ ಕೇಳಲು ತಡಮಾಡಬೇಡಿ. ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಮೊದಲು ಸಹೋದರನೊಡನೆ ಸಂಧಾನವಾಗು ಎಂದು ಯೇಸು ಕಲಿಸಿದ್ದು ಇಂಥವರಿಗೇ (ಮತ್ತಾಯ 5:23-24). ತಪ್ಪು ಎದುರಿನವರದಾದರೆ, ಮತ್ತಾಯ 18:15ರಂತೆ, ಊರಿಗೆಲ್ಲ ಹೇಳುವ ಮುನ್ನ ಅವರೊಬ್ಬರೊಡನೆಯೇ ಮಾತನಾಡಿ. ಆದರೆ ಹೊಡೆತವನ್ನೋ ದಬ್ಬಾಳಿಕೆಯನ್ನೋ ಸಹಿಸುತ್ತ ಇರುವುದನ್ನು ತಾಳ್ಮೆಯೆಂದು ಕರೆಯಬೇಡಿ, ಯಾರಿಗೂ ಹಾಗೆ ಬೋಧಿಸಲೂ ಬೇಡಿ. ಮುಯ್ಯಿ ತೀರಿಸುವ ಕೆಲಸವನ್ನು ದೇವರಿಗೆ ಬಿಟ್ಟುಕೊಟ್ಟ ಮನುಷ್ಯನು (ರೋಮ 12:19) ಸುರಕ್ಷಿತ ಸ್ಥಳಕ್ಕೆ ಹೋಗಬಹುದು, ಕಾನೂನಿನ ನೆರವನ್ನೂ ಪಡೆಯಬಹುದು.

ಹೊತ್ತು ಮುಳುಗುವ ತನಕ ಕೋಪವನ್ನು ಇಟ್ಟುಕೊಳ್ಳಬಾರದೆಂಬ ಮಾತು ಎಲ್ಲರಿಗೂ ಗೊತ್ತು. ಆದರೆ ಒಂದೇ ಸಂಜೆಯಲ್ಲಿ ಎಲ್ಲ ಜಗಳವೂ ಬಗೆಹರಿಯುವುದಿಲ್ಲ, ಇಬ್ಬರೂ ದಣಿದಿರುವಾಗ ರಾತ್ರಿ ಹೊತ್ತು ಚರ್ಚೆಗೆ ಕೂಡುವುದು ಹೆಚ್ಚಾಗಿ ಕೆಟ್ಟದ್ದಕ್ಕೇ ತಿರುಗುತ್ತದೆ. ಆ ದಿನ ಸಾಧ್ಯವಾಗುವುದು ಇಷ್ಟು: ನಾಳೆ ಮಾತನಾಡೋಣವೆಂದು ಹೇಳುವುದು, ಆ ವ್ಯಕ್ತಿಯ ಹೆಸರೆತ್ತಿ ಅವರ ಒಳಿತಿಗಾಗಿ ಒಂದು ವಾಕ್ಯ ಪ್ರಾರ್ಥಿಸುವುದು. ಪ್ರಾರ್ಥಿಸುವಾಗ ಮನಸ್ಸು ಒಪ್ಪದಿದ್ದರೆ, ಒಪ್ಪುತ್ತಿಲ್ಲವೆಂಬುದನ್ನೂ ದೇವರಿಗೆ ಹೇಳಿ.

ಪೌಲನು ದೀರ್ಘಶಾಂತಿಯನ್ನು, ಅಂದರೆ ತಾಳ್ಮೆಯನ್ನು, ಪವಿತ್ರಾತ್ಮನ ಫಲಗಳಲ್ಲಿ ಎಣಿಸಿದ್ದಾನೆ (ಗಲಾತ್ಯ 5:22). ಫಲ ಮಾಗಲು ಕಾಲ ಬೇಕು, ಆದ್ದರಿಂದ ವಾರದೊಳಗೆ ಸ್ವಭಾವ ಬದಲಾಗದಿದ್ದರೆ ಗಾಬರಿಪಡಬೇಕಿಲ್ಲ. ಒಂದೇ ಕಾರಣಕ್ಕೆ ಕೋಪ ಮರಳಿಮರಳಿ ಬರುತ್ತಿದ್ದರೆ ಸಭಾಪಾಲಕರೊಡನೆಯೋ ನಂಬಿಕೆಯ ಸ್ನೇಹಿತರೊಡನೆಯೋ ಅದನ್ನು ಹೇಳಿಕೊಳ್ಳಿ. ಕೈ ಎತ್ತುವ ಹಂತಕ್ಕೆ ಹೋಗಿದ್ದರೆ ಪ್ರಾರ್ಥನೆಯ ಜೊತೆಗೆ ಆಪ್ತಸಮಾಲೋಚಕರನ್ನೂ ಈ ವಾರವೇ ಕಾಣಿ.